ಹಲ್ಲು ನಕ್ಕು ಮುಗಿಸುವ ತನಕ

ಬಾಯಿ ತುಂಬ ಪೇಸ್ಟಿನ ನೊರೆ ಇರುವಾಗ ಹೆಂಡತಿಯ ಪ್ರಶ್ನೆಗೆ ಉತ್ತರ ಕೊಡಬಾರದು. ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಮಿಂಚಣ್ಣನೇ ಸಾಕ್ಷಿ. "ರಜೆ ಸಿಕ್ತಲ್ವಾ?" ಎಂದು ಅವಳು ಅಡುಗೆಮನೆಯಿಂದ ಕೇಳಿದಳು. ನಿಜ ಹೇಳುವುದಾದರೆ ಉದ್ದನೆಯ ಉತ್ತರ ಬೇಕಿತ್ತು. ರಜೆ ಇನ್ನೂ ಕೇಳಿಲ್ಲ, ಕೇಳಲು ಧೈರ್ಯ ಬಂದಿಲ್ಲ, ಇವತ್ತು ಹೇಗಾದರೂ ಮಾಡಿ ಕೇಳುತ್ತೇನೆ ಎಂದೆಲ್ಲ ವಿವರಿಸಬೇಕಿತ್ತು. ಅಷ್ಟಕ್ಕೆ ಬಾಯಲ್ಲಿ ಜಾಗವಿರಲಿಲ್ಲ. "ಹೂಂ" ಎಂದುಬಿಟ್ಟ. ಸಮುದ್ರದ ಊರಿಗೆ ಹೋಗುವ ರೈಲು ಅದೇ ದಿನ ಸಂಜೆಗಿತ್ತು.

ಮಿಂಚಣ್ಣ ಎನ್ನುವುದು ಆಫೀಸಿನವರು ಇಟ್ಟ ಹೆಸರು. ನಡಿಗೆಯಲ್ಲಾಗಲಿ, ಊಟದಲ್ಲಾಗಲಿ, ಸ್ನಾನ ಮುಗಿಸಿ ಹೊರಗೆ ಬರುವುದರಲ್ಲಾಗಲಿ ಅವನಲ್ಲಿ ಮಿಂಚಿನ ಅಂಶ ಒಂದಿಷ್ಟೂ ಇರಲಿಲ್ಲ. ಅವನು ಬರೆದ ಪ್ರೋಗ್ರಾಮ್ ಮಾತ್ರ ಓಡುತ್ತಿತ್ತು. ಊರಿನ ಹಲ್ಲಿನ ಡಾಕ್ಟರುಗಳಿಗೆಲ್ಲ ಸೇರಿ ಒಂದು ವೆಬ್‌ಸೈಟ್ ನಡೆಸುವುದು ಅವನ ಕಂಪನಿಯ ಕಸುಬು. ಹಲ್ಲುನೋವಿನವರು ಅದರಲ್ಲೊಂದು ಗುಂಡಿ ಒತ್ತಿದರೆ ಯಾವ ಡಾಕ್ಟರು ಯಾವಾಗ ಬಿಡುವಾಗಿದ್ದಾರೆ ಎಂದು ತೋರಿಸಬೇಕು. ಹಿಂದೆ ಅದು ತೋರಿಸುವಷ್ಟರಲ್ಲಿ ನೋವೇ ಬೇಸತ್ತು ಹೊರಟುಹೋಗುತ್ತಿತ್ತು. ಮಿಂಚಣ್ಣ ಕುಳಿತು ಅದನ್ನು ಹೊಸದಾಗಿ ಬರೆದ. ಗುಂಡಿಯಿಂದ ಬೆರಳು ಎತ್ತುವ ಮೊದಲೇ ಉತ್ತರ ತಯಾರಾಗುವ ಹಾಗೆ ಬರೆದ. ಕಂಪನಿ ಸಭೆ ಸೇರಿಸಿ, ಚಪ್ಪಾಳೆ ತಟ್ಟಿ, ಮಿಂಚಿನ ಚಿತ್ರವಿರುವ ಒಂದು ಕಾಫಿ ಕಪ್ಪನ್ನು ಬಹುಮಾನವಾಗಿ ಕೊಟ್ಟಿತು.

ಆ ಕಪ್ಪಿನ ಜೊತೆಗೇ ಅವನ ರಜೆಗಳೆಲ್ಲ ಹೋದವು. ವೇಗದ ಹುಚ್ಚಿನಲ್ಲಿ ಅವನು ಎಲ್ಲವನ್ನೂ ಒಂದೇ ಉಂಡೆ ಮಾಡಿ ಬರೆದಿದ್ದ. ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಗಂಡಾಗಲಿ ಹೆಣ್ಣಾಗಲಿ ಆ ಆಫೀಸಿನಲ್ಲಿ ಇರಲಿಲ್ಲ. ಒಬ್ಬ ಡಾಕ್ಟರು ಊಟದ ಹೊತ್ತು ಬದಲಿಸಿದರೂ ಫೋನು ಮಿಂಚಣ್ಣನಿಗೇ ಬರಬೇಕು. ಸಮುದ್ರ ತೋರಿಸುತ್ತೇನೆಂದು ಅವನು ಮಗಳಿಗೆ ಮಾತು ಕೊಟ್ಟಾಗ ಅವಳಿಗೆ ಹಾಲುಹಲ್ಲಿತ್ತು. ಈಗ ಅವೆಲ್ಲ ಬಿದ್ದು ಹೊಸವು ಬಂದಿದ್ದವು. ಹೋದ ಸಲ ರೈಲಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದಾಗ ಫೋನ್ ಬಂದು, ಇನ್ನೊಂದು ಕಾಲು ಪ್ಲಾಟ್‌ಫಾರ್ಮಿನ ಮೇಲೇ ಉಳಿಯಿತು. ಹೆಂಡತಿ ಅವತ್ತು ಜಗಳವಾಡಲಿಲ್ಲ. ಅವನಿಗೆ ಅದೇ ಹೆಚ್ಚು ಹೆದರಿಕೆ ತಂದಿತ್ತು.

ಹಾಗಾಗಿ ಆ ಬೆಳಗ್ಗೆ ನಡುಮನೆಯಲ್ಲಿ ಸಾಲಾಗಿ ನಿಂತ ಚೀಲಗಳನ್ನು ನೋಡಿ ಅವನಿಗೆ ದಿಗಿಲಾಯಿತು. ದಿಗಿಲನ್ನು ಮುಚ್ಚಿಕೊಳ್ಳಲು ಉಪದೇಶಕ್ಕೆ ಇಳಿದ. ಅತ್ತೆ ತಮ್ಮ ಚೀಲಕ್ಕೆ ಕೊಡೆ, ಬಿಸಿನೀರಿನ ರಬ್ಬರ್ ಚೀಲ, ಎರಡನೇ ಜೊತೆ ಕಟ್ಟುಹಲ್ಲು ಎಲ್ಲ ತುಂಬುತ್ತಿದ್ದರು. "ಕೊನೇಲಿ ಉಪಯೋಗಕ್ಕೆ ಬಾರದ್ದನ್ನ ಮೊದಲೇ ತೆಗೆದುಬಿಡಬೇಕು ಅತ್ತೆ. ವೇಗದ ಗುಟ್ಟು ಅಂದ್ರೆ ಅಷ್ಟೇ," ಎಂದ. ಇದು ಅವನ ವೇದವಾಕ್ಯ. ಆಫೀಸಿನಲ್ಲೂ ಹೇಳುತ್ತಿದ್ದ, ಮನೆಯಲ್ಲಿ ಸೊಪ್ಪು ಸೋಸುವಾಗಲೂ ಹೇಳುತ್ತಿದ್ದ. ಹೆಂಡತಿಗೆ ಅದು ಬಾಯಿಪಾಠವಾಗಿತ್ತು. ಅತ್ತೆ ಅಳಿಯನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ, ಕೊಡೆಯನ್ನು ಇನ್ನೂ ಒಳಗೆ ತಳ್ಳಿದರು.

ತನ್ನ ನೀಲಿ ಅಂಗಿ ಇನ್ನೂ ಬಾಲ್ಕನಿಯ ಹಗ್ಗದ ಮೇಲಿರುವುದು ಅವನ ಕಣ್ಣಿಗೆ ಬಿತ್ತು. ಅದನ್ನು ಚೀಲಕ್ಕೆ ಹಾಕಲಿಲ್ಲವೇ ಎಂದು ಕೇಳಿದ. ಒಣಗಿಲ್ಲ, ಆಮೇಲೆ ನೋಡಿದರಾಯಿತು ಎಂದಳು ಹೆಂಡತಿ. ಆಫೀಸಿನಿಂದ ನೇರವಾಗಿ ಸ್ಟೇಷನ್ನಿಗೆ ಬರುತ್ತೇನೆ ಎಂದು ಹೇಳಿ ಅವನು ಹೊರಬಿದ್ದ. ಮಗಳು ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು, ಅಮ್ಮ ಒಳಗಿನಿಂದ ಕರೆದದ್ದರಿಂದ ಹೇಳದೆ ಹೋದಳು.

ಆಫೀಸಿನಲ್ಲಿ ಮೇನೇಜರರು ಒಳ್ಳೆಯವರು. ಯಾರಿಗೂ ಇಲ್ಲ ಎನ್ನುವವರಲ್ಲ. ಹೌದು ಎಂದು ಹೇಳಿ ಅದಕ್ಕೊಂದು ಬಾಲ ಕಟ್ಟುವವರು. ರಜೆಯ ವಿಷಯ ಕೇಳಿದ ತಕ್ಷಣ, "ಹೋಗಿಬನ್ನಿ, ಮನೆಯವರಿಗೆ ಸಮುದ್ರ ತೋರಿಸಿ," ಎಂದರು. ಮಿಂಚಣ್ಣ ಎದ್ದು ಬಾಗಿಲವರೆಗೆ ಹೋದ ಮೇಲೆ ಬಾಲ ಬಂತು. "ಒಂದೇ ಒಂದು ಮಾತು. ನೀವಿಲ್ಲದಾಗ ಆ ವೆಬ್‌ಸೈಟ್ ಪುಟಾನ ಬೇರೆಯವರು ನೋಡ್ಕೋಬೇಕಲ್ಲ. ಒಬ್ಬ ಡಾಕ್ಟರು ಇನ್ಮೇಲೆ ಗುರುವಾರ ಮಧ್ಯಾಹ್ನ ಬರಲ್ವಂತೆ. ಅದನ್ನ ನಮ್ಮ ಹೊಸಬಳು ನಿಮ್ಮನ್ನ ಕೇಳದೆ ಸರಿಮಾಡಲಿ. ಮಾಡಿದ್ಲು ಅಂದ್ರೆ ರಜೆ ನಿಮ್ಮದು. ಆದ್ರೆ ವೇಗ ಮಾತ್ರ ಕಮ್ಮಿಯಾಗ್ಬಾರ್ದು, ನನಗೆ ಎರಡೂ ಬೇಕು. ಸಂಜೆಗೆ ನಾನೇ ಬಂದು ಒತ್ತಿ ನೋಡ್ತೀನಿ."

ಹೊಸಬಳು ಎಂದರೆ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. ಸಂಕೋಚದವಳು, ಆದರೆ ಸುಳ್ಳು ಹೇಳಲು ಬಾರದವಳು. ಮಿಂಚಣ್ಣನ ಪ್ರೋಗ್ರಾಮನ್ನು ತೆರೆದು ಮೇಲಿಂದ ಕೆಳಗೆ ಓದಿದಳು, ಆಮೇಲೆ ಕೆಳಗಿಂದ ಮೇಲೆ ಓದಿದಳು. ಡಾಕ್ಟರಿಗೆ ಅವನು 'ಡ' ಎಂದು ಹೆಸರಿಟ್ಟಿದ್ದ. ದಿನಕ್ಕೆ 'ದ'. ಇನ್ನೊಬ್ಬ ಡಾಕ್ಟರು ಬೇಕಾದಾಗ 'ಡಡ'. ವಿವರಣೆ ಎಂದು ಇಡೀ ಕಡತದಲ್ಲಿ ಇದ್ದದ್ದು ಒಂದೇ ವಾಕ್ಯ, "ಇದನ್ನು ಮುಟ್ಟಬೇಡಿ." ಅದರ ಕೆಳಗೆ ಹಾವಿನ ಹಾಗೆ ಸುತ್ತಿಕೊಂಡ ಒಂದು ಸಾಲು ಮಲಗಿತ್ತು.

ಇದು ಏನು ಮಾಡುತ್ತದೆ ಎಂದು ಅವಳು ಕೇಳಿದಳು. ಮಿಂಚಣ್ಣ ಹೆಮ್ಮೆಯಿಂದ ಮುಂದಕ್ಕೆ ಬಾಗಿದ. ಸ್ವಲ್ಪ ಹೊತ್ತಿನ ಮೇಲೆ ಕನ್ನಡಕ ಒರೆಸಿಕೊಂಡ. ಬರೆದ ದಿನ ಅದು ಅವನಿಗೂ ದೇವರಿಗೂ ಗೊತ್ತಿತ್ತು, ಈಗ ದೇವರೊಬ್ಬನಿಗೇ. ಅದನ್ನು ತೆಗೆದು ನೋಡಿದರೆ ಪುಟವೇ ನಿಂತುಹೋಯಿತು. ಬೆವರುತ್ತ ವಾಪಸು ಹಾಕಿದ. "ಮುಟ್ಟಬೇಡಿ ಅಂತ ಸುಮ್ನೆ ಬರೆದಿಲ್ಲ ನೀವು," ಎಂದಳು ಹುಡುಗಿ, ನಿಜವಾದ ಗೌರವದಿಂದ.

ಬೇರೆ ದಾರಿ ಇರಲಿಲ್ಲ. ಮಿಂಚಣ್ಣ ಅಂಗಿಯ ತೋಳು ಮಡಿಸಿ ಎಲ್ಲವನ್ನೂ ಬಿಡಿಸಿ ಬರೆಯಲು ಕುಳಿತ. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ಲವೇ, ಒಂದೊಂದು ಸಾಲು ಅಳಿಸುವಾಗಲೂ ಅವನ ಕರುಳು ಚುರುಕ್ ಎನ್ನುತ್ತಿತ್ತು. ಅಳಿಸುವ ಮೊದಲು ಹಳೆಯದರ ಒಂದು ಪ್ರತಿಯನ್ನು ಬೇರೆ ಕಡೆ ಜೋಪಾನವಾಗಿ ಇಟ್ಟುಕೊಂಡ.

ಮಿಂಚಣ್ಣ ಬಿಡಿಸಿ ಬರೆಯುತ್ತಿದ್ದಾನೆ ಎನ್ನುವ ಸುದ್ದಿ ಆಫೀಸಿನಲ್ಲೆಲ್ಲ ಹರಡಿತು. ನೋಡಲು ಬಂದವರು ಸುಮ್ಮನೆ ನೋಡಿ ಹೋಗಲಿಲ್ಲ. ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಕೆಲಸವಾಗಿದ್ದ ಅಕ್ಕ ಒಬ್ಬಳಿದ್ದಳು; ಅವಳು ಬಂದು ಹಿಂದೆ ಕುರ್ಚಿ ಹಾಕಿಕೊಂಡಳು. 'ಡ' ಹೋಗಿ 'ಡಾಕ್ಟರು' ಆಗಿದ್ದು ಅವಳಿಗೆ ಸಾಲದು. ಯಾವ ಡಾಕ್ಟರು, ಬಂದವರೋ ಬರುವವರೋ, ಹೆಸರಿನಲ್ಲೇ ಗೊತ್ತಾಗಬೇಡವೇ ಎಂದಳು. ಅವಳ ಮಾತು ಕೇಳಿ ಕೇಳಿ ಕೊನೆಗೆ ಒಂದು ಹೆಸರು 'ಇವತ್ತು ಬರಬೇಕಾಗಿದ್ದು ಇನ್ನೂ ಬಾರದಿರುವ ಡಾಕ್ಟರು' ಎಂದಾಯಿತು. ಪರದೆಯ ಈ ತುದಿಯಿಂದ ಹೊರಟರೆ ಆ ತುದಿಗೆ ಮುಟ್ಟುತ್ತಿತ್ತು.

ಅವಳು ಎದ್ದು ಹೋಗುವಷ್ಟರಲ್ಲಿ ಮಾಹಿತಿ ಸಂಗ್ರಹ ನೋಡಿಕೊಳ್ಳುವ ಹಿರಿಯರು ಬಂದರು. ಇವರನ್ನು ಎಲ್ಲರೂ ಉಗ್ರಾಣದವರು ಎಂದೇ ಕರೆಯುತ್ತಿದ್ದರು. ಯಾವ ಕೆಲಸಕ್ಕೂ ಅದರದ್ದೇ ಕೋಣೆ ಇರಬೇಕು, ಯಾರೂ ಇನ್ನೊಬ್ಬರ ಕೋಣೆಗೆ ನೇರವಾಗಿ ನುಗ್ಗಬಾರದು ಎನ್ನುವುದು ಅವರ ಮತ. ಮಧ್ಯಾಹ್ನದ ಹೊತ್ತಿಗೆ ಒಂದು ಉಂಡೆಯಾಗಿದ್ದದ್ದು ದೊಡ್ಡ ಅವಿಭಕ್ತ ಕುಟುಂಬವಾಗಿತ್ತು. ಕಿರಿ ಸೊಸೆಗೆ ಒಂದು ಚಿಟಿಕೆ ಉಪ್ಪು ಬೇಕಾದರೆ ಹಿರಿ ಸೊಸೆಯನ್ನು ಕೇಳಬೇಕು, ಅವಳು ಅತ್ತೆಯನ್ನು ಕೇಳಬೇಕು, ಅತ್ತೆ ಮಾವನ ಮುಖ ನೋಡಬೇಕು, ಉಪ್ಪು ಅದೇ ದಾರಿಯಲ್ಲಿ ವಾಪಸು ಬರಬೇಕು. ಮನೆ ಮಾತ್ರ ಬಹಳ ಚೊಕ್ಕಟವಾಗಿತ್ತು.

ಹೊಸಬಳನ್ನು ಕರೆದು ಕೂರಿಸಿದರು. ಅವಳು ಒಮ್ಮೆ ಓದಿದಳು, ತಲೆಯಾಡಿಸಿದಳು, 'ಡಾಕ್ಟರು ಬಾರದ ದಿನಗಳು' ಎನ್ನುವ ಕೋಣೆಗೆ ಹೋಗಿ ಗುರುವಾರ ಮಧ್ಯಾಹ್ನವನ್ನು ಸೇರಿಸಿ ಬಂದಳು. ಯಾರನ್ನೂ ಏನನ್ನೂ ಕೇಳಲಿಲ್ಲ. "ಕತೆ ಓದಿದ ಹಾಗಿದೆ ಸರ್," ಎಂದಳು. ಮಿಂಚಣ್ಣನ ಎದೆ ಉಬ್ಬಿತು. ತಾನು ಬರೆದದ್ದನ್ನು ಇನ್ನೊಬ್ಬರು ಓದಿ ಸಂತೋಷಪಟ್ಟದ್ದು ಅದೇ ಮೊದಲು, ಆ ಸುಖ ಅವನಿಗೆ ಗೊತ್ತೇ ಇರಲಿಲ್ಲ.

ಆ ಸುಖ ಹೆಚ್ಚು ಹೊತ್ತು ಬಾಳಲಿಲ್ಲ. ಅವನ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಕಿಟಕಿ ಸದಾ ತೆರೆದಿರುತ್ತಿತ್ತು. ಗುಂಡಿ ಒತ್ತಿದ ಮೇಲೆ ಉತ್ತರ ತಯಾರಾಗಲು ಎಷ್ಟು ಹೊತ್ತಾಯಿತು ಎಂದು ಅದು ಅಂಕಿಯಲ್ಲಿ ತೋರಿಸುತ್ತಿತ್ತು. ಮಿಂಚಣ್ಣ ವರ್ಷಗಟ್ಟಲೆ ನೋಡುತ್ತ ಬಂದದ್ದು ಆ ಅಂಕಿಯನ್ನು ಮಾತ್ರ. ಹಲ್ಲುನೋವಿನವರು ನೋಡುವ ಪುಟದ ಕಡೆ ಅವನು ತಲೆ ಹಾಕಿದವನಲ್ಲ. ಈಗ ಒತ್ತಿ ನೋಡಿದರೆ ಅಂಕಿ ಹತ್ತು ಪಟ್ಟಾಗಿತ್ತು. ಅವನು ಅಲ್ಲಿ ಒಂದು ಗೋಡೆ ಒಡೆದ, ಇಲ್ಲಿ ಒಬ್ಬ ಸೊಸೆಗೆ ಬೇರೆ ಮನೆ ಮಾಡಿಸಿದ. ಅಂಕಿ ಸ್ವಲ್ಪ ಇಳಿಯಿತು, ಆದರೆ ಹುಡುಗಿಯ ಹುಬ್ಬು ಗಂಟಾಯಿತು. ಗಂಟು ಬಿಡಿಸಲು ಗೋಡೆ ಕಟ್ಟಿದರೆ ಅಂಕಿ ಮತ್ತೆ ಏರಿತು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗಾಯಿತು ಅವನ ಪಾಡು, ಒಂದನ್ನು ಹಿಡಿದು ಕೂರಿಸಿದರೆ ಇನ್ನೊಂದು ಜಿಗಿಯುತ್ತಿತ್ತು.

ಈ ನಡುವೆ ಹೆಂಡತಿಯ ಫೋನು. ನಾವು ಸ್ಟೇಷನ್ನಿಗೆ ಹೊರಟಿದ್ದೇವೆ ಎಂದಳು. ನಾನೂ ಹೊರಟೆ ಎಂದು ಇವನೆಂದ. ಆ ಕಡೆ ಒಂದು ಸಣ್ಣ ನಿಟ್ಟುಸಿರು ಕೇಳಿಸಿತು. ಅದು ಸಮಾಧಾನದ್ದೋ ಬೇರೆಯದೋ ಯೋಚಿಸಲು ಸಮಯವಿರಲಿಲ್ಲ, ಏಕೆಂದರೆ ಮೇನೇಜರರು ಆಗಲೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಿದ್ದರು.

ಹೊಸಬಳು ಮಾಡಿದ ಬದಲಾವಣೆಯನ್ನು ನೋಡಿ ಅವರು ಮೆಚ್ಚಿದರು. ತಾವೇ ಓದಿ ಅರ್ಥವಾಯಿತೆಂದು ಇನ್ನೂ ಮೆಚ್ಚಿದರು. ಆಮೇಲೆ ವೇಗ ನೋಡಲು ಹಲ್ಲುನೋವಿನವರ ಪುಟವನ್ನೇ ತಮ್ಮ ಫೋನಿನಲ್ಲಿ ತೆರೆದು ಗುಂಡಿ ಒತ್ತಿದರು. ಮಿಂಚಣ್ಣ ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣೊಳಗೆ ರೈಲು ಹೊರಡುತ್ತಿತ್ತು, ಮಗಳು ಕಿಟಕಿಯಲ್ಲಿ ಕುಳಿತಿದ್ದಳು.

"ಅದೇ ವೇಗ," ಎಂದರು ಮೇನೇಜರರು. ಇನ್ನೊಮ್ಮೆ ಒತ್ತಿದರು. "ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಶಹಬ್ಬಾಸ್. ಎರಡೂ ಸಾಧ್ಯ ಅಂತ ನಾನು ಮೊದಲಿಂದ ಹೇಳ್ತಾ ಇರ್ಲಿಲ್ವಾ? ಹೊರಡಿ ಇನ್ನು. ವಾರ ಪೂರ್ತಿ ನಿಮಗೆ ಯಾರೂ ಫೋನ್ ಮಾಡಲ್ಲ."

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಬುದ್ಧಿಯಿದ್ದವನು ಅಲ್ಲಿಂದಲೇ ಓಡುತ್ತಿದ್ದ. ಮಿಂಚಣ್ಣ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೂ ಹೋದ. ಆದರೆ ಹತ್ತು ಪಟ್ಟು ನಿಧಾನವಾದದ್ದು ಕೂದಲೆಳೆಯಷ್ಟೂ ಕಾಣಿಸದೆ ಹೋಗುವುದು ಹೇಗೆ? ಈ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡಿತು. ತಿರುಗಿ ಬಂದು, ಪುಟದ ಅಂದಚಂದ ನೋಡಿಕೊಳ್ಳುವ ಚಿತ್ರಗಾರನ ಮೇಜಿನ ಮುಂದೆ ನಿಂತ.

ಚಿತ್ರಗಾರ ಸಂತೋಷದಿಂದ ತೋರಿಸಿದ. ಗುಂಡಿ ಒತ್ತಿದೊಡನೆ ಪುಟದ ಮಧ್ಯದಲ್ಲಿ ಒಂದು ದಪ್ಪ ಹಲ್ಲು ಹುಟ್ಟಿತು. ಅದು ತನ್ನ ಸುತ್ತ ತಾನೇ ತಿರುಗಿತು, ಎಲ್ಲಿಂದಲೋ ಬ್ರಷ್ಷು ಬಂದು ಅದನ್ನು ಉಜ್ಜಿತು, ಹಲ್ಲು ಫಳ್ಳನೆ ಹೊಳೆಯಿತು, ಕೊನೆಗೆ ಬಾಯಿ ತೆರೆದು ನಿಧಾನವಾಗಿ ನಕ್ಕಿತು. ಹಲ್ಲಿಗೆ ಬಾಯಿ ಎಲ್ಲಿಂದ ಬಂತು ಎಂದು ಕೇಳುವಂತಿಲ್ಲ, ಅಷ್ಟು ಮುದ್ದಾಗಿತ್ತು. ನಕ್ಕು ಮುಗಿಸಿದ ಮೇಲೆ ಡಾಕ್ಟರುಗಳ ಪಟ್ಟಿ ಬಂತು.

"ಇಷ್ಟು ಹೊತ್ತು ಯಾಕೆ?" ಎಂದ ಮಿಂಚಣ್ಣ.

"ನೀವು ಹೊಸದಾಗಿ ಬರೆದ್ರಲ್ಲ ಸರ್, ಆವಾಗ ಪಟ್ಟಿ ಎಷ್ಟು ಬೇಗ ಬರ್ತಿತ್ತು ಅಂದ್ರೆ ನನ್ನ ಹಲ್ಲಿಗೆ ತಿರುಗೋಕೂ ಪುರಸೊತ್ತಿರ್ಲಿಲ್ಲ. ಕಷ್ಟಪಟ್ಟು ಬರೆದಿದ್ದು, ಹೊಟ್ಟೆ ಉರೀತು. ಅದಕ್ಕೆ, ಹಲ್ಲು ನಕ್ಕು ಮುಗಿಸೋ ತನಕ ಪಟ್ಟಿ ತೋರಿಸ್ಬೇಡ ಅಂತ ಒಂದು ಸಾಲು ಸೇರಿಸ್ದೆ. ನಿಮಗೆ ಕಪ್ ಕೊಟ್ಟ ವಾರಾನೇ." ಮಿಂಚಣ್ಣನ ಮುಖ ನೋಡಿ ಸೇರಿಸಿದ, "ಯಾರೂ ಬೇಜಾರು ಮಾಡ್ಕೊಂಡಿಲ್ಲ. ತುಂಬ ಜನ ಆ ಹಲ್ಲು ಚೆನ್ನಾಗಿದೆ ಅಂತ ಬರೆದಿದ್ದಾರೆ."

ಹಾಗಾದರೆ ಮಿಂಚಣ್ಣನ ವೇಗವನ್ನು ಈ ಭೂಮಿಯ ಮೇಲೆ ಒಬ್ಬನೂ ನೋಡಿರಲಿಲ್ಲ. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ತಯಾರಾಗಿ ಬಂದು, ಬಾಗಿಲ ಹಿಂದೆ ಕೈಕಟ್ಟಿ ನಿಂತು, ಒಂದು ಹಲ್ಲು ನಕ್ಕು ಮುಗಿಸುವುದನ್ನೇ ಕಾಯುತ್ತಿತ್ತು. ಇವತ್ತಿನ ಚೊಕ್ಕಟವಾದ, ನಿಧಾನದ ಕುಟುಂಬವೂ ಆ ನಗು ಮುಗಿಯುವುದರೊಳಗೆ ಆರಾಮವಾಗಿ ಬಂದು ತಲುಪುತ್ತಿತ್ತು. ಇದನ್ನೇ ಮೊದಲ ದಿನ ಬರೆದಿದ್ದರೆ ಯಾರಾದರೂ ನೋಡಿಕೊಳ್ಳುತ್ತಿದ್ದರು. ಮಗಳು ಹಾಲುಹಲ್ಲಿನಲ್ಲೇ ಸಮುದ್ರ ನೋಡಿರುತ್ತಿದ್ದಳು. ಈ ಯೋಚನೆ ಬಂದಾಗ ಅವನಿಗೆ ನಿಜವಾಗಿಯೂ ಅಳು ಬಂತು.

ಅಳುವಿನ ಹಿಂದೆಯೇ ಇನ್ನೊಂದು ಬಂತು, ಅದು ರೋಷ. ಆ ಒಂದು ಸಾಲನ್ನು ಕಿತ್ತುಹಾಕಿ, ಜೋಪಾನವಾಗಿಟ್ಟ ಹಳೆಯ ಉಂಡೆಯನ್ನು ವಾಪಸು ಹಾಕಿದರೆ ಸಾಕು. ಮಿಂಚು ಅಂದರೆ ಏನೆಂದು ಊರಿಗೆ ಊರೇ ನೋಡುತ್ತದೆ. ಅವನು ಚೀಲ ಇಳಿಸಿ, ಚಿತ್ರಗಾರನನ್ನು ಪಕ್ಕಕ್ಕೆ ಸರಿಸಿ ಕುಳಿತ. ಬೆರಳು ಆ ಸಾಲಿನ ಮೇಲೆ ಬಂದು ನಿಂತಿತು. ಉಂಡೆ ವಾಪಸಾದರೆ ರಜೆಯೂ ವಾಪಸು ಎನ್ನುವುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೂ ಬಹುಮಾನದ ಆ ಕಾಫಿ ಕಪ್ಪು ಕಣ್ಣೆದುರಿಗೆ ಬರುತ್ತಿತ್ತು.

ಆಗಲೇ ಮಗಳ ಫೋನು. ಅಮ್ಮನಿಗೆ ಕೇಳಬಾರದೆನ್ನುವ ಹಾಗೆ ಪಿಸುಗುಟ್ಟುತ್ತಿದ್ದಳು. "ಅಪ್ಪ, ನೀನು ನಿಜವಾಗ್ಲೂ ಬರ್ತಿದೀಯಾ?"

ಅವನು ಆ ಸಾಲನ್ನು ನೋಡಿದ. ಪರದೆಯ ಮೇಲೆ ಹಲ್ಲು ಇನ್ನೂ ನಗುತ್ತಿತ್ತು. "ಬರ್ತಿದೀನಿ ಪುಟ್ಟಿ, ನಿಜವಾಗ್ಲೂ," ಎಂದ. ಕೈ ಹಿಂದಕ್ಕೆ ತೆಗೆದು, ನಗಲಿ ಬಿಡಪ್ಪ ಎಂದು ಚಿತ್ರಗಾರನ ಬೆನ್ನು ತಟ್ಟಿ ಎದ್ದ. ಬದುಕಿನಲ್ಲಿ ಹೆಮ್ಮೆಯ ಅಷ್ಟು ದೊಡ್ಡ ತುತ್ತನ್ನು ಅವನು ಎಂದೂ ನುಂಗಿರಲಿಲ್ಲ.

ಆಮೇಲೆ ಅವನು ಓಡಿದ ರೀತಿಯನ್ನು ಆಫೀಸಿನವರು ನೋಡಿದ್ದರೆ ಇಟ್ಟ ಹೆಸರು ಸಾರ್ಥಕವಾಯಿತು ಎನ್ನುತ್ತಿದ್ದರು. ಲಿಫ್ಟಿಗೆ ಕಾಯಲಿಲ್ಲ, ಬಸ್ಸಿಗೆ ಕಾಯಲಿಲ್ಲ. ಹಣ್ಣಿನ ಗಾಡಿಯೊಂದನ್ನು ಸುತ್ತಿ, ಸಿಗ್ನಲ್ಲಿನಲ್ಲಿ ನಿಂತ ಕಾರುಗಳ ನಡುವೆ ನುಸುಳಿ, ಸ್ಟೇಷನ್ನಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ರೈಲು ಇನ್ನೂ ನಿಂತಿತ್ತು. ಬೋಗಿಯಿಂದ ಬೋಗಿಗೆ ಇಣುಕುತ್ತ ಹೋಗಿ, ಕೊನೆಗೆ ಕಿಟಕಿಯಲ್ಲಿ ಅತ್ತೆಯ ಕೊಡೆಯನ್ನು ಗುರುತು ಹಿಡಿದು ಒಳಗೆ ನುಗ್ಗಿದ. "ರಜೆ ಸಿಕ್ತು," ಎಂದ ಏದುಸಿರು ಬಿಡುತ್ತ. "ವಾರ ಪೂರ್ತಿ. ಯಾರೂ ಫೋನ್ ಮಾಡಲ್ಲ."

ಯಾರೂ ಕುಣಿದಾಡಲಿಲ್ಲ. ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಕಿಟಕಿಯ ಆಚೆ ನೋಡಿದಳು. ಅವರ ಎದುರಿಗೆ ಮಿಂಚಣ್ಣ ಕೂರಬೇಕಾದ ಜಾಗದಲ್ಲಿ, ಮೀಸೆಯ ಹಿರಿಯರೊಬ್ಬರು ಚಪ್ಪಲಿ ಬಿಚ್ಚಿ ಕಾಲು ಮೇಲಿಟ್ಟು ಪತ್ರಿಕೆ ಓದುತ್ತಿದ್ದರು. ಇದು ನನ್ನ ಸೀಟು ಎಂದು ಮಿಂಚಣ್ಣ ವಿನಯದಿಂದ ಹೇಳಿದ. ಆ ಹಿರಿಯರು ಅಷ್ಟೇ ವಿನಯದಿಂದ ತಮ್ಮ ಟಿಕೆಟ್ ತೋರಿಸಿದರು.

"ನಿಮಗೆ ಟಿಕೆಟ್ ತೆಗೆಸಿಲ್ಲ," ಎಂದಳು ಹೆಂಡತಿ. ದನಿಯಲ್ಲಿ ಕೋಪವಿರಲಿಲ್ಲ, ತಪ್ಪು ಮಾಡಿದವಳ ಅಳುಕಿತ್ತು. "ಪ್ರತಿ ಸಲ ತೆಗೆಸೋದು, ಕೊನೇ ಗಳಿಗೇಲಿ ರದ್ದು ಮಾಡ್ಸೋದು. ನೀವೇ ಹೇಳ್ತಿರ್ತೀರಲ್ಲ, ಕೊನೇಲಿ ಉಪಯೋಗಕ್ಕೆ ಬಾರದ್ದನ್ನ ಮೊದಲೇ ತೆಗೆದುಬಿಡಬೇಕು ಅಂತ. ಈ ಸಲ ಹಾಗೇ ಮಾಡ್ದೆ. ತುಂಬ ಬೇಗ ಮುಗೀತು."

ಬೇರೆ ಟಿಕೆಟ್ಟೇನಾದರೂ ಸಿಗುವುದೇ ಎಂದು ಅವನು ಟಿಕೆಟ್ ತಪಾಸಣೆಯವರನ್ನು ಕೇಳಿದ. ಶಾಲೆಗಳಿಗೆಲ್ಲ ರಜೆ ಬಿಟ್ಟಿರುವಾಗ ಈ ರೈಲೊಂದೇ ಅಲ್ಲ, ಈ ವಾರದ ಯಾವ ರೈಲಿನಲ್ಲೂ ಕಾಲಿಡಲು ಜಾಗವಿಲ್ಲ ಎಂದು ಅವರು ಹೇಳಿ, ರೈಲು ಹೊರಡುತ್ತದೆ, ಇಳಿಯಿರಿ ಎಂದು ಅವನ ಭುಜ ಮುಟ್ಟಿದರು. "ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ," ಎಂದರು ಅತ್ತೆ ಕಟ್ಟುಹಲ್ಲು ಸರಿಮಾಡಿಕೊಳ್ಳುತ್ತ. ಅವರ ಕಣ್ಣಲ್ಲಿ ಅಳಿಯನ ಬಗ್ಗೆ ಮೊದಲ ಬಾರಿಗೆ ಕನಿಕರ ಕಾಣಿಸಿತು. ಅವನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಿಟಕಿಗೆ ಕೈ ಚಾಚಿದ, ಮಗಳು ಅದನ್ನು ಬೆರಳು ತಪ್ಪುವ ತನಕ ಹಿಡಿದುಕೊಂಡಿದ್ದಳು. ಬೀಗದ ಕೈ ಪಕ್ಕದ ಮನೆಯಲ್ಲಿದೆ ಎಂದು ಹೆಂಡತಿ ಕೂಗಿ ಹೇಳಿದ್ದು ರೈಲಿನ ಸದ್ದಿನಲ್ಲೂ ಸ್ಪಷ್ಟವಾಗಿ ಕೇಳಿಸಿತು.

ಪಕ್ಕದ ಮನೆಯವರು ಬೀಗದ ಕೈಯನ್ನು ತಯಾರಾಗಿ ಕೈಯಲ್ಲೇ ಹಿಡಿದಿದ್ದರು. ನೀವು ಇಷ್ಟು ಹೊತ್ತಿಗೆ ಬರುತ್ತೀರೆಂದು ನಿಮ್ಮ ಮನೆಯವರು ಹೇಳಿ ಹೋಗಿದ್ದರು ಎಂದರು. ಒಳಗೆ ಮೇಜಿನ ಮೇಲೆ ಒಬ್ಬರಿಗೆ ಆಗುವಷ್ಟು ಊಟ ತಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ನೀಲಿ ಅಂಗಿ ತೂಗುತ್ತಿತ್ತು. ಒಣಗಿತ್ತು, ಇಸ್ತ್ರಿಯಾಗಿತ್ತು, ನಾಳೆ ಆಫೀಸಿಗೆ ಹಾಕಿಕೊಂಡು ಹೋಗಲು ಸಿದ್ಧವಾಗಿತ್ತು.

ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಅವನು ಕುಳಿತ. ಮೇನೇಜರರು ಮಾತು ಉಳಿಸಿಕೊಂಡಿದ್ದರು, ಯಾರೂ ಫೋನ್ ಮಾಡಲಿಲ್ಲ. ಬೇಸರವಾಗಿ ಹಲ್ಲಿನ ಡಾಕ್ಟರುಗಳ ಪುಟವನ್ನು ತೆರೆದು ಗುಂಡಿ ಒತ್ತಿದ. ಹಲ್ಲು ತಿರುಗಿತು, ಬ್ರಷ್ಷು ಉಜ್ಜಿತು, ಆಮೇಲೆ ಅದು ಅವನ ಮುಖ ನೋಡಿ ನಿಧಾನವಾಗಿ ನಗತೊಡಗಿತು. ಮಿಂಚಣ್ಣನಿಗೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ಅದು ನಕ್ಕು ಮುಗಿಸುವ ತನಕ ಕಾದ.